ಮುಂದಿನ ಕುರ್ಚಿಯಿಂದ ಉತ್ತರಿಸುವುದು: ಬ್ಯಾಂಕ್ ಬಡ್ತಿ ಸಂದರ್ಶನವನ್ನು ಕುರಿತು

(ಬಡ್ತಿ ಸಂದರ್ಶನಕ್ಕೆ ಸಿದ್ಧರಾಗುತ್ತಿದ್ದ ಬ್ಯಾಂಕ್ ನೌಕರರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

ಇಲ್ಲಿ ಸೇರಿರುವ ನಿಮ್ಮಲ್ಲಿ ಕೆಲವರು ಕ್ಲರ್ಕ್ ಹುದ್ದೆಯಿಂದ ಅಧಿಕಾರಿಯ ಹುದ್ದೆಗೆ, ಕೆಲವರು ಅಧಿಕಾರಿಗಳ ದರ್ಜೆಯಾದ ಸ್ಕೇಲ್ ಒಂದರಿಂದ ಎರಡಕ್ಕೆ, ಇನ್ನು ಕೆಲವರು ಎರಡರಿಂದ ಮೂರಕ್ಕೆ ಬಡ್ತಿ ಬಯಸಿ ಸಂದರ್ಶನದ ಕರೆಗಾಗಿ ಕಾಯುತ್ತಿದ್ದೀರಿ. ಲಿಖಿತ ಪರೀಕ್ಷೆಗೆ ಎಷ್ಟು ಅಂಕ, ವಾರ್ಷಿಕ ಕಾರ್ಯನಿರ್ವಹಣಾ ವರದಿಗೆ ಎಷ್ಟು, ಸಂದರ್ಶನಕ್ಕೆ ಎಷ್ಟು ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ, ಹುದ್ದೆಯಿಂದ ಹುದ್ದೆಗೆ ಬೇರೆಯಾಗುತ್ತದೆ. ಆ ಲೆಕ್ಕ ನಿಮ್ಮ ಬ್ಯಾಂಕಿನ ಬಡ್ತಿ ನೀತಿಯಲ್ಲಿಯೇ ಇದೆ. ಅದನ್ನು ನಾನು ಇಲ್ಲಿ ಓದುವ ಅಗತ್ಯವಿಲ್ಲ. ಹಲವು ವರ್ಷಗಳ ಕಾಲ ಸಂದರ್ಶನ ಸಮಿತಿಗಳಲ್ಲಿ ಕುಳಿತು ಅಭ್ಯರ್ಥಿಗಳ ಮಾತನ್ನು ಕೇಳಿದ ಮೇಲೆ ನನ್ನಲ್ಲಿ ಗಟ್ಟಿಯಾಗಿ ಉಳಿದಿರುವ ಒಂದೇ ಒಂದು ಅಭಿಪ್ರಾಯವನ್ನು ನಿಮ್ಮ ಮುಂದಿಡಲು ಬಂದಿದ್ದೇನೆ.

ಹೊಸದಾಗಿ ಕೆಲಸಕ್ಕೆ ಸೇರುವವರ ಸಂದರ್ಶನಕ್ಕೂ ಬಡ್ತಿಯ ಸಂದರ್ಶನಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಸಮಿತಿಗೆ ನೀವು ಅಪರಿಚಿತರು; ನೀವು ಯಾರು, ಏನು ಓದಿದ್ದೀರಿ, ಹೇಗೆ ಮಾತನಾಡುತ್ತೀರಿ ಎಂಬುದರಿಂದಲೇ ಅವರು ನಿಮ್ಮನ್ನು ಅಳೆಯಬೇಕು. ಬಡ್ತಿಯ ಸಂದರ್ಶನದಲ್ಲಿ ಬ್ಯಾಂಕು ನಿಮ್ಮನ್ನು ವರ್ಷಗಳಿಂದ ಬಲ್ಲದು. ನೀವು ಯಾವ ಯಾವ ಶಾಖೆಯಲ್ಲಿದ್ದಿರಿ, ನಿಮ್ಮ ಮೇಲಧಿಕಾರಿಗಳು ನಿಮ್ಮ ಬಗ್ಗೆ ಏನು ಬರೆದಿದ್ದಾರೆ, ಲಿಖಿತ ಪರೀಕ್ಷೆಯಲ್ಲಿ ಹೇಗೆ ಮಾಡಿದ್ದೀರಿ ಎಂಬುದೆಲ್ಲ ಮೇಜಿನ ಮೇಲಿರುತ್ತದೆ. ಆದ್ದರಿಂದ ಅಲ್ಲಿ ಉಳಿಯುವ ಪ್ರಶ್ನೆ ಒಂದೇ: ನಾಳೆ ಕೊಡಲಿರುವ ಕುರ್ಚಿಯಲ್ಲಿ ಕುಳಿತು ಯೋಚಿಸುವುದನ್ನು ಈ ವ್ಯಕ್ತಿ ಇವತ್ತೇ ಆರಂಭಿಸಿದ್ದಾರೆಯೇ? ನಾನು ನೋಡಿದ ಮಟ್ಟಿಗೆ, ಆಯ್ಕೆಯಾಗದೆ ಹೋದ ಬಹಳಷ್ಟು ಮಂದಿಯಲ್ಲಿ ತಿಳಿವಳಿಕೆಯ ಕೊರತೆ ಇರಲಿಲ್ಲ. ಅವರ ಉತ್ತರಗಳೆಲ್ಲ ಈಗಿರುವ ಕುರ್ಚಿಯಿಂದಲೇ ಬಂದವು.

ಸಂದರ್ಶನವೆಂದರೆ ಮುಖ ನೋಡಿ ಮಣೆ ಹಾಕುವ ಕೆಲಸ ಎಂಬ ಮಾತನ್ನು ನೌಕರರು ಆಡುವುದುಂಟು. ಆ ಅನುಮಾನಕ್ಕೆ ಕಾರಣಗಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಸಂದರ್ಶನಕ್ಕೆ ಅದರದೇ ಆದ ಒಂದು ತರ್ಕವಿದೆ. ರಾಜಸ್ಥಾನದ ನ್ಯಾಯಾಂಗ ಸೇವೆಯ ನೇಮಕಾತಿಗೆ ಸಂಬಂಧಿಸಿದ ಲೀಲಾ ಧರ್ ಪ್ರಕರಣದಲ್ಲಿ 1981ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ವ್ಯಕ್ತಿತ್ವ ಇನ್ನೂ ರೂಪುಗೊಳ್ಳುತ್ತಿರುವ ಎಳೆಯರನ್ನು ಆರಿಸುವಾಗ ಲಿಖಿತ ಪರೀಕ್ಷೆಗೆ ಹೆಚ್ಚು ತೂಕವಿರಬೇಕು, ಪ್ರೌಢ ವ್ಯಕ್ತಿತ್ವದವರನ್ನು ಆರಿಸುವ ಹುದ್ದೆಗಳಲ್ಲಿ ಸಂದರ್ಶನಕ್ಕೆ ಹೆಚ್ಚು ತೂಕ ಕೊಡಬಹುದು ಎಂಬ ಆಶಯವನ್ನು ವ್ಯಕ್ತಪಡಿಸಿತು. ಆ ತೀರ್ಪನ್ನು ಬರೆದ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರ ಹೆಸರು ಕರ್ನಾಟಕಕ್ಕೆ ಹೊಸದಲ್ಲ. ಮುಂದೆ ನಮ್ಮ ರಾಜ್ಯದ ಮೂರನೆಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದವರು ಅವರೇ. ಹತ್ತು ಹದಿನೈದು ವರ್ಷ ಕೆಲಸ ಮಾಡಿದವರ ವಿವೇಚನೆಯನ್ನು ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಪರೀಕ್ಷೆ ಪೂರ್ತಿಯಾಗಿ ಅಳೆಯಲಾರದು ಎಂಬುದನ್ನು ಒಪ್ಪಿಕೊಂಡು ಹೊರಟರೆ ನಿಮ್ಮ ತಯಾರಿಯ ದಾರಿಯೂ ಸ್ಪಷ್ಟವಾಗುತ್ತದೆ.

ತಯಾರಿ ಎಲ್ಲಿಂದ ಆರಂಭವಾಗಬೇಕು? ಬಹಳ ಮಂದಿ ಸಾಮಾನ್ಯ ಜ್ಞಾನದ ಪುಸ್ತಕದಿಂದ ಆರಂಭಿಸುತ್ತಾರೆ. ನಾನು ನಿಮ್ಮ ವಾರ್ಷಿಕ ಕಾರ್ಯನಿರ್ವಹಣಾ ವರದಿಯಿಂದ, ಅಂದರೆ ನೀವು ಎಪಿಎಆರ್ ಎಂದು ಕರೆಯುವ ದಾಖಲೆಯಿಂದ ಆರಂಭಿಸಿ ಎನ್ನುತ್ತೇನೆ. ಈ ವರದಿಯನ್ನು ನೌಕರರಿಗೆ ತೋರಿಸದೆ ಗುಟ್ಟಾಗಿಟ್ಟುಕೊಳ್ಳುತ್ತಿದ್ದ ಕಾಲವಿತ್ತು. 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪದ್ಧತಿಯನ್ನು ಒಪ್ಪಲಿಲ್ಲ. ಆ ನೌಕರನಿಗೆ ಒಂದು ವರ್ಷ ‘ಗುಡ್’ ಎಂಬ ಶ್ರೇಣಿ ಬಂದಿತ್ತು. ಬಡ್ತಿಗೆ ಬೇಕಾಗಿದ್ದುದು ‘ವೆರಿ ಗುಡ್’. ಮೇಲ್ನೋಟಕ್ಕೆ ಒಳ್ಳೆಯದೆಂದೇ ಕಾಣುವ ಆ ಶ್ರೇಣಿ ಅವನ ಬಡ್ತಿಗೆ ಅಡ್ಡಿಯಾಯಿತು, ಆದರೆ ಅದನ್ನು ಅವನಿಗೆ ತಿಳಿಸಿಯೇ ಇರಲಿಲ್ಲ. ಕೆಟ್ಟದ್ದಿರಲಿ ಒಳ್ಳೆಯದಿರಲಿ, ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಬೇಕು ಎಂದು ನ್ಯಾಯಾಲಯ ಹೇಳಿತು. 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಇಷ್ಟು ಹೋರಾಡಿ ದೊರಕಿದ ಹಕ್ಕನ್ನು ನಮ್ಮಲ್ಲಿ ಎಷ್ಟೋ ಮಂದಿ ಬಳಸುವುದೇ ಇಲ್ಲ. ವರದಿಯ ಸ್ವಮೌಲ್ಯಮಾಪನ ಭಾಗವನ್ನು ಮಾರ್ಚ್ ಕೊನೆಯ ಗಡಿಬಿಡಿಯಲ್ಲಿ ಹಿಂದಿನ ವರ್ಷದ್ದನ್ನೇ ನೋಡಿಕೊಂಡು ತುಂಬಿ ಕಳಿಸುತ್ತೇವೆ, ಮೂರು ವರ್ಷ ಕಳೆದ ಮೇಲೆ ಸಮಿತಿಯ ಸದಸ್ಯರೊಬ್ಬರು ಅದೇ ಹಾಳೆಯನ್ನು ಹಿಡಿದು, “ನೀವು ಸ್ವಸಹಾಯ ಸಂಘಗಳ ಸಾಲವನ್ನು ವಿಶೇಷವಾಗಿ ಬೆಳೆಸಿದ್ದೇನೆ ಎಂದು ಬರೆದಿದ್ದೀರಿ, ಹೇಗೆ ಎಂದು ಹೇಳಿ” ಎಂದಾಗ ಬಾಯಿ ಕಟ್ಟುತ್ತದೆ. ಕಳೆದ ಕೆಲವು ವರ್ಷಗಳ ವರದಿಗಳನ್ನು ಮುಂದಿಟ್ಟುಕೊಂಡು, ಬರೆದ ಪ್ರತಿಯೊಂದು ಸಾಲಿನ ಹಿಂದೆ ಯಾವ ಕೆಲಸವಿತ್ತು ಎಂಬುದನ್ನು ನೆನಪಿಗೆ ತಂದುಕೊಳ್ಳಿ. ಕೆಲಸವೇ ಇಲ್ಲದ ಸಾಲಿದ್ದರೆ ಅದೂ ನಿಮಗೆ ಮೊದಲೇ ತಿಳಿದಿರಲಿ.

ಇನ್ನು ಕೋಣೆಯೊಳಗಿನ ವಿಚಾರ. ಸಮಿತಿಯಲ್ಲಿ ಸಾಮಾನ್ಯವಾಗಿ ಹಿರಿಯ ಕಾರ್ಯನಿರ್ವಾಹಕರು ಇರುತ್ತಾರೆ. ಪರಿಶಿಷ್ಟ ಜಾತಿ, ಪಂಗಡಗಳ ಪ್ರತಿನಿಧಿಯಾಗಿ ಒಬ್ಬರು, ಕೆಲವೊಮ್ಮೆ ಹೊರಗಿನ ತಜ್ಞರೊಬ್ಬರು ಇರುತ್ತಾರೆ. ಹೆಚ್ಚಿನ ಸಂದರ್ಶನಗಳು “ನಿಮ್ಮ ಬಗ್ಗೆ ಹೇಳಿ” ಎಂಬ ಪ್ರಶ್ನೆಯಿಂದಲೇ ಶುರುವಾಗುತ್ತವೆ. ಆಗ ಊರು, ತಂದೆಯ ಉದ್ಯೋಗ, ಪದವಿ ಪಡೆದ ಕಾಲೇಜು, ಸೇವೆಗೆ ಸೇರಿದ ದಿನಾಂಕ ಎಂದು ಕಡತದಲ್ಲಿರುವುದನ್ನೇ ಒಪ್ಪಿಸುವುದು ಸಮಿತಿ ನಿಮಗಾಗಿ ಬಿಟ್ಟುಕೊಟ್ಟ ಅಮೂಲ್ಯವಾದ ಎರಡು ನಿಮಿಷವನ್ನು ಕೈಯಾರೆ ಕಳೆದುಕೊಂಡಂತೆ. ಆ ಎರಡು ನಿಮಿಷದಲ್ಲಿ ನೀವು ಏನು ಹೇಳುತ್ತೀರೋ ಮುಂದಿನ ಪ್ರಶ್ನೆಗಳು ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟುತ್ತವೆ. ಹೆಸರು ಮತ್ತು ಒಟ್ಟು ಸೇವೆಯನ್ನು ಒಂದು ವಾಕ್ಯದಲ್ಲಿ ಮುಗಿಸಿ, ಈಗಿನ ಶಾಖೆ ಎಂಥ ಪ್ರದೇಶದಲ್ಲಿದೆ, ಅಲ್ಲಿ ನೀವು ಯಾವ ಹೊಣೆ ಹೊತ್ತಿದ್ದೀರಿ, ನೀವು ಬಂದ ಮೇಲೆ ಏನು ಬದಲಾಯಿತು ಎಂಬಲ್ಲಿಗೆ ನೇರವಾಗಿ ಬನ್ನಿ. “ನಾನು ಬ್ಯಾಡಗಿಯ ಸಮೀಪದ ಗ್ರಾಮೀಣ ಶಾಖೆಯೊಂದರಲ್ಲಿ ಕೃಷಿ ಸಾಲ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಮೆಣಸಿನಕಾಯಿ ಮತ್ತು ಮೆಕ್ಕೆಜೋಳ ಬೆಳೆಯುವವರು. ನಾನು ಬಂದಾಗ ನವೀಕರಣವಾಗದೆ ಉಳಿದಿದ್ದ ಕಿಸಾನ್ ಕ್ರೆಡಿಟ್ ಕಾರ್ಡ್ ಖಾತೆಗಳನ್ನು ಹಳ್ಳಿವಾರು ಪಟ್ಟಿ ಮಾಡಿ, ಸುಗ್ಗಿಯ ನಂತರದ ವಾರಗಳಲ್ಲಿ ಮನೆಮನೆಗೆ ಹೋಗಿ ನವೀಕರಿಸಿದೆವು” ಎಂಬಂಥ ಮೂರು ವಾಕ್ಯ ಸಾಕು, ಸಮಿತಿ ಮುಂದಕ್ಕೆ ಬಾಗಿ ಕುಳಿತುಕೊಳ್ಳುತ್ತದೆ.

ಬ್ಯಾಡಗಿಯ ಉದಾಹರಣೆಯಲ್ಲಿಯೇ ಇನ್ನಷ್ಟು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಒಂದು ಸ್ಥಳವನ್ನು ಬಲ್ಲವರಿಗೂ ಅಂಕಿಗಳನ್ನು ಮಾತ್ರ ಬಲ್ಲವರಿಗೂ ಇರುವ ಅಂತರ ಅಲ್ಲಿ ಚೆನ್ನಾಗಿ ಕಾಣುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ; ಬಣ್ಣಕ್ಕೆ ಹೆಸರಾದ ಈ ಕಾಯಿಯನ್ನು ಶೀತಲಗೃಹಗಳಲ್ಲಿ ಇಟ್ಟು, ದರ ಬಂದಾಗ ಮಾರುವುದು ಅಲ್ಲಿನ ವಾಡಿಕೆ. ದಾಸ್ತಾನಿನ ಮೇಲೆ ಸಾಲ ಕೊಡುವುದು ಆ ಭಾಗದ ಬ್ಯಾಂಕುಗಳ ವ್ಯವಹಾರದ ಒಂದು ಭಾಗ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಆಕ್ರೋಶ ಹಿಂಸೆಗೆ ತಿರುಗಿದ್ದನ್ನು ನೀವೆಲ್ಲ ಪತ್ರಿಕೆಗಳಲ್ಲಿ ಓದಿದ್ದೀರಿ. ಅಂಥ ಪ್ರದೇಶದ ಶಾಖೆಯಿಂದ ಬಂದ ಅಭ್ಯರ್ಥಿಯನ್ನು “ನಿಮ್ಮ ಶಾಖೆಯ ವಸೂಲಾತಿ ಏಕೆ ಕಡಿಮೆಯಾಗಿದೆ?” ಎಂದು ಕೇಳಿದರೆ “ಬೆಲೆ ಬಿದ್ದಿದೆ ಸಾರ್” ಎಂಬುದು ಈಗಿನ ಕುರ್ಚಿಯ ಉತ್ತರ. ಬೆಲೆ ಬಿದ್ದಾಗ ದಾಸ್ತಾನಿನ ಮೇಲಿನ ಸಾಲದಲ್ಲಿ ಮಾರ್ಜಿನ್ (ಸರಕಿನ ಮೌಲ್ಯಕ್ಕೂ ಸಾಲಕ್ಕೂ ನಡುವಿನ ಅಂತರ) ಎಷ್ಟು ಕರಗಿತು, ಹೆಚ್ಚುವರಿ ಭದ್ರತೆ ಕೇಳಬೇಕಾದ ಖಾತೆಗಳು ಯಾವುವು, ಅಲ್ಪಾವಧಿ ಬೆಳೆ ಸಾಲ ಎರಡು ಹಂಗಾಮುಗಳವರೆಗೆ ಬಾಕಿ ಉಳಿದರೆ ಮಾತ್ರ ಅನುತ್ಪಾದಕ (ಬಾಕಿ ನಿಂತು ಬ್ಯಾಂಕಿಗೆ ಆದಾಯ ತರದ ಸಾಲ) ಆಗುತ್ತದೆ ಎಂಬ ನಿಯಮದಿಂದ ರೈತನಿಗೆ ಎಷ್ಟು ಕಾಲಾವಕಾಶ ಉಳಿದಿದೆ, ಅದರೊಳಗೆ ಯಾರನ್ನು ಮೊದಲು ಭೇಟಿಯಾಗಬೇಕು ಎಂದು ವಿವರಿಸುವುದು ಮುಂದಿನ ಕುರ್ಚಿಯ ಉತ್ತರ.

ಅಂಕಿಗಳ ವಿಷಯಕ್ಕೆ ಬಂದರೆ, ಶಾಖೆಯ ಠೇವಣಿ, ಉಳಿತಾಯ ಮತ್ತು ಚಾಲ್ತಿ ಖಾತೆಗಳ ಪಾಲು, ಸಾಲ, ಅನುತ್ಪಾದಕ ಸಾಲ ಇವು ಕಳೆದ ಎರಡು ಮಾರ್ಚ್ 31ರಂದು ಎಷ್ಟಿದ್ದವು ಮತ್ತು ಈಗ ಎಷ್ಟಿವೆ ಎಂಬುದು ನಾಲಿಗೆಯ ತುದಿಯಲ್ಲಿರಬೇಕು. ಪೈಸೆಯವರೆಗೆ ಬೇಡ; ಅರುವತ್ತು ಕೋಟಿ ಠೇವಣಿ, ನಲವತ್ತೈದು ಕೋಟಿ ಸಾಲ, ಆದ್ದರಿಂದ ಸಾಲ ಮತ್ತು ಠೇವಣಿಯ ಅನುಪಾತ ಶೇ. 75 ಎಂಬಷ್ಟು ಸಾಕು. ಆದರೆ ಅಂಕಿಯ ಹಿಂದೆ ಕಾರಣವಿಲ್ಲದಿದ್ದರೆ ಅಂಕಿ ಹೇಳಿಯೂ ಪ್ರಯೋಜನವಿಲ್ಲ. ಠೇವಣಿ ಏರಿದ್ದು ಗ್ರಾಹಕರು ಹೆಚ್ಚಿದ್ದರಿಂದಲೋ, ಹೆದ್ದಾರಿಗೆ ಜಮೀನು ಕೊಟ್ಟ ನಾಲ್ಕು ಕುಟುಂಬಗಳ ಪರಿಹಾರದ ಹಣದಿಂದಲೋ? ಎರಡನೆಯದಾದರೆ ಆ ಹಣ ಮುಂದಿನ ವರ್ಷ ಎಲ್ಲಿರುತ್ತದೆ? ಸಾಲದ ಕಂತು ಒಂದು ದಿನ ತಡವಾದರೂ ಖಾತೆ ಎಸ್‌ಎಂಎ (ವಿಶೇಷ ನಿಗಾ ಇಡಬೇಕಾದ ಖಾತೆ) ಶೂನ್ಯಕ್ಕೆ, 30 ದಿನ ದಾಟಿದರೆ ಒಂದಕ್ಕೆ, 60 ದಾಟಿದರೆ ಎರಡಕ್ಕೆ ಬರುತ್ತದೆ, 90 ದಾಟಿದರೆ ಅನುತ್ಪಾದಕ ಆಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ನಾನು ಕೇಳುತ್ತಿದ್ದ ಪ್ರಶ್ನೆ ಬೇರೆ: ನಿಮ್ಮ ಶಾಖೆಯಲ್ಲಿ ಈ ತಿಂಗಳು ಎಸ್‌ಎಂಎ ಎರಡರಲ್ಲಿ ನಿಂತಿರುವ ದೊಡ್ಡ ಖಾತೆ ಯಾವ ಬಗೆಯದು, ಅದಕ್ಕೆ ಏನು ಮಾಡಿದ್ದೀರಿ? ಇದಕ್ಕೆ ತಕ್ಷಣ ಉತ್ತರ ಕೊಟ್ಟವರನ್ನು ಇನ್ನು ಹೆಚ್ಚಿಗೆ ಪರೀಕ್ಷಿಸಬೇಕೆಂದು ನನಗೆ ಅನ್ನಿಸುತ್ತಿರಲಿಲ್ಲ.

ನಮ್ಮ ಭಾಗದವರಲ್ಲಿ ಒಂದು ಸಂಕೋಚವಿದೆ. ಮಾಡಿದ ಕೆಲಸವನ್ನು ಹೇಳಿಕೊಳ್ಳುವುದು ಬಡಾಯಿ ಎಂದು ಭಾವಿಸಿ, “ನನ್ನದೇನಿಲ್ಲ, ಎಲ್ಲ ಶಾಖೆಯವರ ಸಹಕಾರ” ಎಂದು ಹೇಳಿ ಸುಮ್ಮನಾಗುತ್ತೇವೆ. ಸಜ್ಜನಿಕೆ ಒಳ್ಳೆಯದು, ಆದರೆ ಸಮಿತಿ ಅಂಕ ಹಾಕಬೇಕಾಗಿರುವುದು ನಿಮಗೆ, ಶಾಖೆಗೆ ಅಲ್ಲ. ಇದಕ್ಕೆ ತದ್ವಿರುದ್ಧವಾಗಿ ಶಾಖೆಯ ಸಾಧನೆಯನ್ನೆಲ್ಲ ತನ್ನ ಹೆಸರಿಗೆ ಬರೆದುಕೊಳ್ಳುವವರೂ ಇದ್ದಾರೆ, ಅವರು ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಇವೆರಡರ ನಡುವೆ ಸತ್ಯವಾದ ಒಂದು ದಾರಿಯಿದೆ. ಗುರಿಯನ್ನು ವ್ಯವಸ್ಥಾಪಕರು ಹಾಕಿಕೊಟ್ಟರು, ಹಳ್ಳಿಗಳ ಪಟ್ಟಿಯನ್ನು ನಾನು ಮಾಡಿದೆ, ಭೇಟಿಗೆ ಬಿಸಿನೆಸ್ ಕರೆಸ್ಪಾಂಡೆಂಟ್ (ಹಳ್ಳಿಯಲ್ಲಿ ಬ್ಯಾಂಕಿನ ಸೇವೆ ಕೊಡುವ ಪ್ರತಿನಿಧಿ) ಜೊತೆಗೆ ಬಂದರು, ದಾಖಲೆಗಳನ್ನು ಸಹೋದ್ಯೋಗಿ ಪರಿಶೀಲಿಸಿದರು ಎಂದು ಪಾಲನ್ನು ಪಾಲಾಗಿಯೇ ಹೇಳಿ. ಇತರರಿಗೆ ಅವರವರ ಪಾಲನ್ನು ಕೊಡಬಲ್ಲವರಿಗೆ ತಂಡವನ್ನು ಒಪ್ಪಿಸಬಹುದೆಂಬ ನಂಬಿಕೆಯೂ ಸಮಿತಿಗೆ ಅಲ್ಲಿಯೇ ಹುಟ್ಟುತ್ತದೆ.

ಬಡ್ತಿ ಸಂದರ್ಶನದ ಜೀವಾಳ ಸನ್ನಿವೇಶದ ಪ್ರಶ್ನೆಗಳು. ಒಂದು ಉದಾಹರಣೆ ನೋಡೋಣ. ಶನಿವಾರ ಮಧ್ಯಾಹ್ನ ಶಾಖೆ ಮುಚ್ಚುವ ಹೊತ್ತಿಗೆ ನಿವೃತ್ತ ಶಿಕ್ಷಕಿಯೊಬ್ಬರು ಬಂದು, ತಮ್ಮ ಖಾತೆಯಿಂದ ಎರಡು ಲಕ್ಷ ರೂಪಾಯಿ ಹೋಗಿದೆ, ತಾವು ಏನೂ ಮಾಡಿಲ್ಲ ಎಂದು ಅಳುತ್ತಾರೆ. ವ್ಯವಸ್ಥಾಪಕರು ರಜೆಯಲ್ಲಿದ್ದಾರೆ, ಶಾಖೆಯ ಹೊಣೆ ನಿಮ್ಮ ಮೇಲಿದೆ. ಏನು ಮಾಡುತ್ತೀರಿ? “ಪ್ರಾದೇಶಿಕ ಕಚೇರಿಗೆ ತಿಳಿಸುತ್ತೇನೆ” ಎಂಬುದು ನಾನು ಅತಿ ಹೆಚ್ಚು ಕೇಳಿದ ಉತ್ತರ. ತಿಳಿಸಲೇಬೇಕು, ನಿಜ. ಆದರೆ ಅದಕ್ಕೂ ಮೊದಲು ನಿಮ್ಮ ಕೈಯಲ್ಲಿರುವ ಅಧಿಕಾರದಿಂದ ಆಗಬೇಕಾದ ಕೆಲಸಗಳಿವೆ: ಖಾತೆಯ ಕಾರ್ಡ್ ಮತ್ತು ಮೊಬೈಲ್ ಬ್ಯಾಂಕಿಂಗ್ ಸೌಲಭ್ಯವನ್ನು ತಡೆಹಿಡಿಯುವುದು, ಅವರನ್ನು ಕೂರಿಸಿ ಅವರ ಫೋನಿನಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ ದೂರು ದಾಖಲಿಸುವುದು, ಬ್ಯಾಂಕಿನ ದೂರು ವ್ಯವಸ್ಥೆಯಲ್ಲಿ ಸಮಯ ಸಹಿತ ನೋಂದಾಯಿಸಿ ಅದರ ಸಂಖ್ಯೆಯನ್ನು ಅವರ ಕೈಗೆ ಕೊಡುವುದು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕರ ತಪ್ಪಿಲ್ಲದೆ ಮೂರನೆಯವರಿಂದಾದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವರ ಮೇಲೆ ಹೊಣೆ ಬರುವುದಿಲ್ಲ, ಗ್ರಾಹಕರ ತಪ್ಪಿದೆ ಎಂದು ಸಾಧಿಸುವ ಭಾರವೂ ಬ್ಯಾಂಕಿನದೇ. ಒಟಿಪಿಯನ್ನು ಅವರೇ ಹೇಳಿದ್ದರೆ ದೂರು ಕೊಡುವವರೆಗಿನ ನಷ್ಟ ಅವರ ಪಾಲಿಗೆ ಬರುತ್ತದೆ, ದೂರು ಕೊಟ್ಟ ನಂತರದ್ದು ಬ್ಯಾಂಕಿನ ಪಾಲಿಗೆ. ಹಾಗಾಗಿ ಅಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಇಷ್ಟನ್ನು ಹೇಳಿ, ನಂತರ ಮೇಲಿನ ಕಚೇರಿಗೆ ಏನೆಂದು ವರದಿ ಮಾಡುತ್ತೀರಿ ಎಂಬುದನ್ನು ಸೇರಿಸಿದರೆ ಉತ್ತರ ಪೂರ್ಣವಾಗುತ್ತದೆ. ಆ ತಾಯಿಯನ್ನು ಮೊದಲು ಕೂರಿಸಿ ನೀರು ಕೊಡುತ್ತೇನೆ ಎಂದು ಒಬ್ಬ ಯುವ ಅಧಿಕಾರಿ ಹೇಳಿದ್ದು ನನಗೆ ಇನ್ನೂ ನೆನಪಿದೆ. ಯಾವ ಸುತ್ತೋಲೆಯಲ್ಲಿಯೂ ಇಲ್ಲದ ಆ ಮಾತಿಗೆ ಸಮಿತಿಯಲ್ಲಿದ್ದವರೆಲ್ಲರೂ ತಲೆದೂಗಿದರು.

ಇನ್ನೊಂದು ಬಗೆಯ ಸನ್ನಿವೇಶ ಇದಕ್ಕಿಂತ ಕಠಿಣ. ಮೇಲಧಿಕಾರಿಯೇ ನಿಯಮ ಮೀರಿ ಸಾಲ ಮಂಜೂರಿಗೆ ಶಿಫಾರಸು ಮಾಡು ಎನ್ನುತ್ತಾರೆ, ಅಥವಾ ಊರಿನ ಪ್ರಭಾವಿಯೊಬ್ಬರು ಒತ್ತಡ ತರುತ್ತಾರೆ, ಅಥವಾ ಜಂಟಿ ಸುಪರ್ದಿನಲ್ಲಿರಬೇಕಾದ ನಗದು ಕೋಣೆಯ ಎರಡೂ ಬೀಗದ ಕೈಗಳು ಅನುಕೂಲಕ್ಕೆಂದು ಒಬ್ಬರ ಬಳಿಯೇ ಇವೆ. ಇಲ್ಲಿ ವೀರಾವೇಶದ ಉತ್ತರವನ್ನು ಯಾರೂ ನಿರೀಕ್ಷಿಸುವುದಿಲ್ಲ. “ಒಪ್ಪುವುದಿಲ್ಲ, ಪೊಲೀಸರಿಗೆ ದೂರು ಕೊಡುತ್ತೇನೆ” ಎಂದು ಗುಡುಗಿದವರನ್ನೂ “ಹಿರಿಯರು ಹೇಳಿದ ಮೇಲೆ ಮಾಡಲೇಬೇಕಲ್ಲ” ಎಂದು ತಲೆಬಾಗಿದವರನ್ನೂ ಸಮಿತಿ ಒಂದೇ ಬಗೆಯ ಆತಂಕದಿಂದ ನೋಡುತ್ತದೆ. ನಿಯಮ ಏನು ಹೇಳುತ್ತದೆ ಎಂಬುದನ್ನು ಗೌರವದಿಂದ ಅವರ ಗಮನಕ್ಕೆ ತರುತ್ತೇನೆ. ರಿಯಾಯಿತಿ ಕೊಡುವ ಅಧಿಕಾರ ಯಾರಿಗಿದೆಯೋ ಅವರಿಗೆ ಪ್ರಸ್ತಾವವನ್ನು ಕಾರಣ ಸಹಿತ ಕಳಿಸಲು ಸಿದ್ಧನಿದ್ದೇನೆ. ಆದರೆ ನನ್ನ ಅಭಿಪ್ರಾಯವನ್ನು ಕಡತದಲ್ಲಿ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ ಎಂದು ಶಾಂತವಾಗಿ ಹೇಳುವವರು ಬೇಕು. ಬ್ಯಾಂಕಿನಲ್ಲಿ ಒಬ್ಬ ಅಧಿಕಾರಿಯ ಸಹಿಯನ್ನು ನಂಬಿ ಸಾವಿರಾರು ಜನ ತಮ್ಮ ಹಣ ಇಟ್ಟಿರುತ್ತಾರೆ. ಬೀಗದ ಕೈಯ ವಿಷಯದಲ್ಲಂತೂ ಯಾವ ರಿಯಾಯಿತಿಯೂ ಇಲ್ಲ, ಆ ದಿನವೇ ಸರಿಪಡಿಸಬೇಕು. ಪಾಸ್‌ವರ್ಡ್ ಹಂಚಿಕೊಳ್ಳುವ ಪ್ರಶ್ನೆಗೂ ಇದೇ ಉತ್ತರ.

ಹೊಸ ನಿಯಮಗಳ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ನೂರು ಸುತ್ತೋಲೆಗಳ ಶೀರ್ಷಿಕೆಯನ್ನು ಬಾಯಿಪಾಠ ಮಾಡುವುದಕ್ಕಿಂತ ನಿಮ್ಮ ಶಾಖೆಯ ವ್ಯವಹಾರವನ್ನು ನೇರವಾಗಿ ಮುಟ್ಟುವ ಐದಾರು ಬದಲಾವಣೆಗಳನ್ನು ಆಳವಾಗಿ ತಿಳಿದುಕೊಳ್ಳಿ. ಉದಾಹರಣೆಗೆ ಒಡವೆ ಸಾಲ. ನಮ್ಮ ಗ್ರಾಮೀಣ ಶಾಖೆಗಳಲ್ಲಿ ಅದು ದೊಡ್ಡ ವ್ಯವಹಾರ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನಗಳಲ್ಲಿ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಒಡವೆಯ ಮೌಲ್ಯದ ಶೇ. 85ರವರೆಗೆ, ಐದು ಲಕ್ಷದವರೆಗೆ ಶೇ. 80, ಅದಕ್ಕೆ ಮೇಲ್ಪಟ್ಟರೆ ಶೇ. 75 ಎಂಬ ಮಿತಿ ಇಟ್ಟು, ಸಾಲ ತೀರಿದ ಏಳು ಕೆಲಸದ ದಿನಗಳೊಳಗೆ ಒಡವೆ ಹಿಂತಿರುಗಿಸದೆ ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದಿದೆ. ಈ ಅಂಕಿಗಳನ್ನು ಹೇಳಿದರೆ ಅರ್ಧ ಉತ್ತರವಾಯಿತು. ನಮ್ಮ ಶಾಖೆಯಲ್ಲಿ ಒಡವೆ ಸಾಲ ಪಡೆಯುವವರಲ್ಲಿ ಸಣ್ಣ ಮೊತ್ತದವರೇ ಹೆಚ್ಚು, ಅವರಿಗೆ ಇದರಿಂದ ತುಸು ಹೆಚ್ಚು ಹಣ ಸಿಗುತ್ತದೆ, ಆದರೆ ಚಿನ್ನದ ದರ ಇಳಿದರೆ ನಮ್ಮ ಭದ್ರತೆಯೂ ಅಷ್ಟೇ ತೆಳುವಾಗುತ್ತದೆ, ಆದ್ದರಿಂದ ಮೌಲ್ಯಮಾಪಕರ ಕೆಲಸದ ಮೇಲೆ ಹೀಗೆ ನಿಗಾ ಇಡುತ್ತೇನೆ ಎಂಬುದು ಉಳಿದ ಅರ್ಧ.

ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲವೆನ್ನಿ. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ತಿಳಿಯದುದನ್ನು ತಿಳಿದಂತೆ ನಟಿಸಿದ ಉತ್ತರ ಅದಕ್ಕೂ ಮೊದಲು ಕೊಟ್ಟ ನಾಲ್ಕು ಸರಿಯುತ್ತರಗಳ ಮೇಲೆಯೂ ಸಂಶಯ ತರುತ್ತದೆ.

ಈಗ ಭಾಷೆಯ ವಿಚಾರ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ, ಕೆಲಸದಲ್ಲಿ ಅತ್ಯಂತ ಸಮರ್ಥರಾದ ಎಷ್ಟೋ ಮಂದಿ ಇಂಗ್ಲಿಷಿನಲ್ಲಿ ಉತ್ತರಿಸಬೇಕೆಂಬ ಭಯದಿಂದಲೇ ಅರ್ಧ ಸೋತಿರುತ್ತಾರೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ. ನಾನು ಸೂಚಿಸುವ ಅಭ್ಯಾಸ ಹೀಗಿದೆ: ನಿಮ್ಮ ಕೆಲಸವನ್ನು ಕುರಿತ ಉತ್ತರಗಳನ್ನು ಮೊದಲು ಕನ್ನಡದಲ್ಲಿಯೇ ಪೂರ್ತಿಯಾಗಿ ಯೋಚಿಸಿ, ಬರೆಯಿರಿ. ವಿಚಾರ ಸ್ಪಷ್ಟವಾದ ಮೇಲೆ ಅದನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳುವುದನ್ನು ಗಟ್ಟಿಯಾಗಿ, ಮನೆಯವರ ಮುಂದೆಯೋ ಸಹೋದ್ಯೋಗಿಯ ಮುಂದೆಯೋ ಅಭ್ಯಾಸ ಮಾಡಿ. ಉದ್ದ ವಾಕ್ಯದ ಆಸೆ ಬೇಡ. ಬ್ಯಾಂಕಿನ ಕೆಲಸದ ಶಬ್ದಗಳು ಹೇಗೂ ನಿಮಗೆ ಇಂಗ್ಲಿಷಿನಲ್ಲಿಯೇ ಪರಿಚಿತ, ಆದ್ದರಿಂದ ನಡುವೆ ಬೇಕಾಗುವ ಕ್ರಿಯಾಪದಗಳು ಕೆಲವೇ. ವ್ಯಾಕರಣದ ಒಂದು ತಪ್ಪಿಗೆ ಅಂಕ ಕಳೆದವರನ್ನು ನಾನು ಕಂಡಿಲ್ಲ. ಉತ್ತರವೇ ಬಾರದಿದ್ದರೆ ಅಂಕ ಕೊಡಲು ಯಾರಿಂದಲೂ ಆಗುವುದಿಲ್ಲ. ಇನ್ನು, ಕನ್ನಡ ಬಲ್ಲವರಾಗಿರುವುದನ್ನು ಒಂದು ಅರ್ಹತೆಯಾಗಿಯೇ ಹೇಳಿ. ಹೊರರಾಜ್ಯದ ಅಧಿಕಾರಿಗಳು ಹೆಚ್ಚಾಗಿರುವ ಶಾಖೆಯಲ್ಲಿ ಸಾಲದ ಷರತ್ತುಗಳನ್ನು ರೈತನಿಗೆ ಅವನ ಭಾಷೆಯಲ್ಲಿ ವಿವರಿಸಿ ಸಹಿ ಹಾಕಿಸುವವರು ನೀವು. ಮುಂದೆ ತಗಾದೆ ಬಂದಾಗ ಆ ವಿವರಣೆಯ ಬೆಲೆ ಬ್ಯಾಂಕಿಗೆ ತಿಳಿಯುತ್ತದೆ. ಅಭಿಮಾನದ ಘೋಷಣೆಯಾಗಿ ಬೇಡ, ಮಾಡಿದ ಕೆಲಸದ ವಿವರವಾಗಿ ಅದನ್ನು ಮುಂದಿಡಿ.

ವಿಲೀನಗೊಂಡ ಬ್ಯಾಂಕುಗಳಿಂದ ಬಂದವರಿಗೆ ಒಂದು ಮಾತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, 2019ರಲ್ಲಿ ಅದೇ ದಿನ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಈ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳ ಹೆಸರು ಮರೆಯಾದುದಕ್ಕೆ ನಮಗೆ ಬೇಸರವಿದೆ, ಅದು ಸಹಜ. ಸಂದರ್ಶನದಲ್ಲಿ ಆ ಬೇಸರವನ್ನು ತೋಡಿಕೊಳ್ಳುವುದರಿಂದ ಉಪಯೋಗವಿಲ್ಲ. ಹಳೆಯ ಬ್ಯಾಂಕಿನಿಂದ ನೀವು ತಂದಿರುವ ಕೆಲಸದ ಕ್ರಮ ಏನು ಎಂಬುದನ್ನು ಹೇಳಿ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ದಿನವೂ ಮನೆ, ಅಂಗಡಿಗಳ ಬಾಗಿಲಿಗೆ ಹೋಗಿ ಅಲ್ಪ ಮೊತ್ತವನ್ನು ಸಂಗ್ರಹಿಸುತ್ತಿದ್ದರು. ಇಂದು ಸಣ್ಣ ವ್ಯಾಪಾರಿಗಳ ಚಾಲ್ತಿ ಖಾತೆ ತರಬೇಕೆಂದು ಎಲ್ಲ ಬ್ಯಾಂಕುಗಳೂ ಪರದಾಡುತ್ತಿರುವಾಗ, ಅಂಗಡಿಯ ಬಾಗಿಲಿಗೆ ಹೋಗುವ ಆ ರೂಢಿಯನ್ನು ನಿಮ್ಮ ಈಗಿನ ಶಾಖೆಯಲ್ಲಿ ಹೇಗೆ ಬಳಸಿದ್ದೀರಿ ಎಂದು ಹೇಳಬಲ್ಲಿರಾದರೆ ಅದು ಗಟ್ಟಿ ಉತ್ತರ.

ವರ್ಗಾವಣೆಯ ಪ್ರಶ್ನೆ ಹೆಚ್ಚು ಸೂಕ್ಷ್ಮವಾದುದು. “ಬಡ್ತಿ ಕೊಟ್ಟರೆ ಎಲ್ಲಿಗಾದರೂ ಹೋಗುತ್ತೀರಾ?” ಎಂದು ಕೇಳಿದಾಗ ಕ್ಲರ್ಕ್ ಹುದ್ದೆಯಲ್ಲಿರುವ ಹೆಣ್ಣುಮಕ್ಕಳ ಮುಖ ಬಾಡುವುದನ್ನು ನಾನು ಅನೇಕ ಬಾರಿ ನೋಡಿದ್ದೇನೆ. ಮಕ್ಕಳ ಓದು, ವಯಸ್ಸಾದ ಅತ್ತೆ ಮಾವ, ಬೇರೆ ಊರಿನಲ್ಲಿರುವ ಗಂಡ, ಇವೆಲ್ಲ ಆ ಒಂದು ಕ್ಷಣದಲ್ಲಿ ಕಣ್ಣ ಮುಂದೆ ಬರುತ್ತವೆ. ಈ ಭಯದಿಂದಲೇ ಸಮರ್ಥರಾದ ಎಷ್ಟೋ ಮಹಿಳೆಯರು ಬಡ್ತಿಯ ಅರ್ಜಿಯನ್ನೇ ಹಾಕುವುದಿಲ್ಲ, ಅದರಿಂದ ಬ್ಯಾಂಕಿಗೂ ನಷ್ಟ. ನನ್ನ ಸಲಹೆ ಇಷ್ಟೆ: ಈ ಪ್ರಶ್ನೆಗೆ ಉತ್ತರವನ್ನು ಸಂದರ್ಶನದ ಕೋಣೆಯಲ್ಲಿ ಹುಡುಕಬೇಡಿ. ಅರ್ಜಿ ಹಾಕುವ ಮೊದಲೇ ಮನೆಯವರೊಡನೆ ಕುಳಿತು ಮಾತನಾಡಿ, ಎಷ್ಟು ದೂರ, ಎಷ್ಟು ಕಾಲ ನಿಭಾಯಿಸಬಹುದು ಎಂಬುದನ್ನು ತೀರ್ಮಾನಿಸಿಕೊಳ್ಳಿ. ವಿವಾಹಿತ ಮಹಿಳಾ ನೌಕರರನ್ನು ಸಾಧ್ಯವಾದಷ್ಟು ಪತಿ ಇರುವ ಊರಿನಲ್ಲಿ ಅಥವಾ ಹತ್ತಿರದಲ್ಲಿ ನಿಯೋಜಿಸಬೇಕೆಂದು ಹಣಕಾಸು ಸೇವೆಗಳ ಇಲಾಖೆ 2014ರ ಆಗಸ್ಟ್‌ನಲ್ಲಿ ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳಿಗೆ ಸೂಚಿಸಿದೆ. ನಿಮ್ಮ ಬ್ಯಾಂಕಿನ ವರ್ಗಾವಣೆ ನೀತಿ ಅದನ್ನು ಹೇಗೆ ಅಳವಡಿಸಿಕೊಂಡಿದೆ ಎಂಬುದನ್ನು ಓದಿಕೊಂಡಿರಿ. ನಂತರ ಸಮಿತಿಯ ಮುಂದೆ, “ಬ್ಯಾಂಕಿನ ನಿಯಮದ ಪ್ರಕಾರ ಹೋಗಲು ಸಿದ್ಧಳಿದ್ದೇನೆ, ನೀತಿಯಲ್ಲಿ ಅವಕಾಶವಿದ್ದರೆ ಇಂಥ ಪ್ರದೇಶವನ್ನು ಕೋರುತ್ತೇನೆ” ಎಂದು ನೇರವಾಗಿ ಹೇಳಿ. ಹೋಗಲು ನಿಜವಾಗಿಯೂ ಸಾಧ್ಯವಿಲ್ಲದಿದ್ದಾಗ ಸಾಧ್ಯವೆಂದು ಹೇಳಿ, ಆದೇಶ ಬಂದ ಮೇಲೆ ಬಡ್ತಿಯನ್ನು ನಿರಾಕರಿಸಿದರೆ ಅನೇಕ ಬ್ಯಾಂಕುಗಳಲ್ಲಿ ಮುಂದಿನ ಕೆಲವು ವರ್ಷ ಮತ್ತೆ ಅವಕಾಶ ಸಿಗುವುದಿಲ್ಲ. ಹೆರಿಗೆ ರಜೆ, ಮಕ್ಕಳ ಆರೈಕೆಗೆಂದು ಪಡೆದ ರಜೆ, ಇವುಗಳ ಬಗ್ಗೆ ಕೇಳಿದರೆ ಕ್ಷಮೆ ಕೇಳುವ ದನಿ ಖಂಡಿತ ಬೇಡ. ರಜೆ ನಿಮ್ಮ ಹಕ್ಕು. ಮರಳಿ ಬಂದ ಮೇಲೆ ಯಾವ ಕೆಲಸವನ್ನು ಕೈಗೆತ್ತಿಕೊಂಡಿರಿ ಎಂಬಲ್ಲಿಗೆ ಮಾತನ್ನು ತನ್ನಿ.

ಸೇವಾ ದಾಖಲೆಯಲ್ಲಿ ಮೆಮೊ ಇದ್ದರೂ, ಆಡಿಟ್ ಆಕ್ಷೇಪಣೆ ಇದ್ದರೂ ಹೀಗೆಯೇ. ಸಮಿತಿಗೆ ಅದು ಗೊತ್ತಿರುತ್ತದೆ ಎಂದೇ ತಿಳಿಯಿರಿ. ಏನಾಯಿತು, ಅದರಲ್ಲಿ ನಿಮ್ಮ ಪಾಲೆಷ್ಟು, ನಂತರ ಯಾವ ಕ್ರಮ ಬದಲಾಯಿಸಿದಿರಿ ಎಂಬುದನ್ನು ಮೂರು ನಾಲ್ಕು ವಾಕ್ಯಗಳಲ್ಲಿ ಹೇಳಿ ಮುಗಿಸಿ. ಹಳೆಯ ವ್ಯವಸ್ಥಾಪಕರನ್ನು ದೂರುವುದಕ್ಕೆ ಇಳಿದರೆ ಮಾತು ಉದ್ದವಾಗುತ್ತದೆ, ಉದ್ದವಾದಷ್ಟೂ ನಿಮಗೆ ಹಾನಿ.

ಉಡುಪು, ನಡಿಗೆ, ಕುಳಿತುಕೊಳ್ಳುವ ರೀತಿ ಇವುಗಳ ಬಗ್ಗೆ ಅನೇಕ ತರಬೇತಿಗಳಲ್ಲಿ ಗಂಟೆಗಟ್ಟಲೆ ಹೇಳುತ್ತಾರೆ. ಶುಭ್ರವಾದ, ನಿಮಗೆ ರೂಢಿಯಿರುವ ಉಡುಪು ಸಾಕು. ಒಳಗೆ ಬಂದು ಎಲ್ಲರಿಗೂ ನಮಸ್ಕರಿಸಿ, ಪ್ರಶ್ನೆ ಕೇಳಿದವರ ಮುಖ ನೋಡಿ ಉತ್ತರಿಸಿ. ವಿಡಿಯೊ ಮೂಲಕ ಸಂದರ್ಶನವಾದರೆ ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕುಳಿತು, ಸಂಪರ್ಕವನ್ನು ಹಿಂದಿನ ದಿನವೇ ಪರೀಕ್ಷಿಸಿಕೊಳ್ಳಿ.

ಉಪನ್ಯಾಸದ ನಂತರ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಕಳೆದ ಬಾರಿ ಸಂದರ್ಶನದಲ್ಲಿ ಆಯ್ಕೆಯಾಗದ ಒಬ್ಬರು, “ಅದೇ ಸಮಿತಿಯ ಮುಂದೆ ಮತ್ತೆ ಹೋದರೆ ಏನು ಹೇಳಬೇಕು?” ಎಂದು ಕೇಳಿದರು. ಒಂದು ವರ್ಷದಲ್ಲಿ ನಿಮ್ಮ ಕೆಲಸದಲ್ಲಿ ಹೊಸದಾಗಿ ಏನು ಸೇರಿದೆ ಎಂಬುದೇ ಉತ್ತರ, ಆದ್ದರಿಂದ ಅದು ಈಗಲೇ ಸೇರಬೇಕು. ಕೌಂಟರಿನಲ್ಲಿಯೇ ವರ್ಷ ಕಳೆಯುತ್ತಿದ್ದರೆ ವ್ಯವಸ್ಥಾಪಕರನ್ನು ಕೇಳಿ ಸಾಲದ ವಿಭಾಗದ ಕೆಲಸವನ್ನು ಕಲಿಯಿರಿ, ವಸೂಲಾತಿ ಭೇಟಿಗೆ ಜೊತೆಯಲ್ಲಿ ಹೋಗಿ, ಒಂದು ಪ್ರಸ್ತಾವವನ್ನು ಆರಂಭದಿಂದ ಮಂಜೂರಾತಿಯವರೆಗೆ ನೀವೇ ಸಿದ್ಧಪಡಿಸಿ. ತಿಂಗಳಿಗೊಮ್ಮೆ ಒಂದು ಪುಟದಲ್ಲಿ ಆ ತಿಂಗಳು ಎದುರಿಸಿದ ಕಷ್ಟದ ಸಂಗತಿ ಮತ್ತು ತೆಗೆದುಕೊಂಡ ತೀರ್ಮಾನವನ್ನು ಬರೆದಿಡಿ. ಗ್ರಾಹಕರ ಹೆಸರು, ಖಾತೆ ಸಂಖ್ಯೆಗಳನ್ನು ಮಾತ್ರ ಬರೆಯಬೇಡಿ.

ಇನ್ನೊಬ್ಬರು ನೌಕರರ ಸಂಘದ ಪದಾಧಿಕಾರಿಯಾಗಿದ್ದವರು. “ಸಂಘದ ಕೆಲಸವನ್ನು ಸಂದರ್ಶನದಲ್ಲಿ ಹೇಳಬಹುದೇ, ಅದರಿಂದ ತೊಂದರೆಯಾಗುತ್ತದೆಯೇ?” ಎಂಬುದು ಅವರ ಪ್ರಶ್ನೆ. ಧಾರಾಳವಾಗಿ ಹೇಳಿ ಎಂದೆ. ಇಬ್ಬರು ಸಹೋದ್ಯೋಗಿಗಳ ಜಗಳವನ್ನು ಬಿಡಿಸಿದ್ದು, ನೊಂದ ನೌಕರನ ಅಹವಾಲನ್ನು ನಿಯಮ ಓದಿ ಆಡಳಿತದ ಮುಂದೆ ಸರಿಯಾಗಿ ಮಂಡಿ­ಸಿದ್ದು, ಎರಡೂ ಕಡೆಯವರು ಒಪ್ಪುವ ಪರಿಹಾರ ಹುಡುಕಿದ್ದು, ಇವೆಲ್ಲ ಶಾಖೆಯನ್ನು ನಡೆಸುವವರಿಗೆ ನಿತ್ಯ ಬೇಕಾಗುವ ಕೆಲಸಗಳೇ. ಸಂಘದ ಬೇಡಿಕೆಗಳನ್ನು ಆ ಕೋಣೆಗೆ ಒಯ್ಯಬೇಡಿ, ಅವಕ್ಕೆ ಬೇರೆ ವೇದಿಕೆಯಿದೆ. ಆದರೆ “ನಾಳೆ ನೀವು ವ್ಯವಸ್ಥಾಪಕರಾದಾಗ ಸಂಘದವರು ನಿಮ್ಮ ಮೇಜಿನ ಮುಂದೆ ಬಂದು ನಿಂತರೆ ಏನು ಮಾಡುತ್ತೀರಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೊದಲು ಅವರನ್ನು ಕೂರಿಸಿ ಪೂರ್ತಿ ಕೇಳುತ್ತೇನೆ, ನನ್ನ ಅಧಿಕಾರದಲ್ಲಿ ಇರುವುದನ್ನು ಅಂದೇ ತೀರ್ಮಾನಿಸುತ್ತೇನೆ, ಇಲ್ಲದುದನ್ನು ನನ್ನ ಅಭಿಪ್ರಾಯದೊಡನೆ ಮೇಲಿನ ಕಚೇರಿಗೆ ಬರೆದು, ಬರೆದಿದ್ದೇನೆಂದು ಅವರಿಗೆ ತಿಳಿಸುತ್ತೇನೆ ಎಂದು ಪ್ರಶ್ನೆ ಕೇಳಿದ ಆ ಪದಾಧಿಕಾರಿಯೇ ಎದ್ದು ನಿಂತು ಉತ್ತರ ಹೇಳಿದರು. ಅದಕ್ಕೆ ನಾನು ಸೇರಿಸಬೇಕಾದದ್ದು ಏನೂ ಇರಲಿಲ್ಲ.